ಜಿಪಿಎ ಕಡಿಮೆ ಇದ್ದರೆ ಅಮೆರಿಕದಲ್ಲಿ ಯಾವ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಬೇಕು?

ಅಂಡರ್‌ಗ್ರ್ಯಾಡ್ (ನಾಲ್ಕು ವರ್ಷದ ಡಿಗ್ರಿ) ಮುಗಿದಿದೆ, ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ) 3.0ರ ಆಸುಪಾಸಿನಲ್ಲಿದೆ, ಆದರೂ ಡಾಕ್ಟರ್ ಆಗಲೇಬೇಕು ಅನ್ನುವ ಆಸೆ ಹೋಗಿಲ್ಲ. ಇಂಥ ಮಕ್ಕಳ ಅಪ್ಪ ಅಮ್ಮ ನನಗೆ ಆಗಾಗ ಫೋನ್ ಮಾಡುತ್ತಾರೆ. ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. ನನ್ನ ಅಕ್ಕನ ಮಗನ ಜೊತೆ ಮೂರು ವರ್ಷ ಇದೇ ಕೆಲಸಕ್ಕೆ ಕೂತಿದ್ದೆ, ಅಷ್ಟೇ. ಒಂದು ಸಲ ಸೋತು ಎರಡನೇ ಸಲ ಗೆದ್ದಿದ್ದರಿಂದ ಯಾವುದು ಕೆಲಸ ಮಾಡುತ್ತೆ, ಯಾವುದು ಸುಮ್ನೆ ದುಡ್ಡು ತಿನ್ನುತ್ತೆ ಅನ್ನುವುದು ಕಣ್ಣಾರೆ ಕಂಡಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಊರಿನಲ್ಲಿ ಓದಿದ ನಮಗೆ ಮೆಡಿಕಲ್ ಸೀಟು ಅಂದರೆ ಒಂದು ಪರೀಕ್ಷೆ, ಒಂದು ರ‍್ಯಾಂಕ್, ಆಮೇಲೆ ಕೌನ್ಸೆಲಿಂಗ್. ಅಕ್ಕ ಕೂಡ ಮೊದಲು ಕೇಳಿದ್ದು ಅದನ್ನೇ: "ಇನ್ನೊಂದು ಸಲ ಎಂಕ್ಯಾಟ್ ಚೆನ್ನಾಗಿ ಬರೆದ್ರೆ ಸರಿಹೋಗಲ್ವೇನೇ?" ಸರಿಹೋಗಲ್ಲ. ಎಂಕ್ಯಾಟ್ ಅಂದರೆ ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ, 472ರಿಂದ 528ರವರೆಗಿನ ಒಂದು ಅಂಕ. ಅದು ಒಳ್ಳೆಯದಿದ್ದರೆ ಬಾಗಿಲು ತಟ್ಟಬಹುದು, ಆದರೆ ನಾಲ್ಕು ವರ್ಷದ ಗ್ರೇಡುಗಳನ್ನು ಅದು ಅಳಿಸುವುದಿಲ್ಲ. ಈಗ ಎಂಡಿ ಸ್ಕೂಲ್ (ಇಲ್ಲಿ ಎಂಡಿ ಅಂದರೆ ಊರಿನ ಎಂಬಿಬಿಎಸ್ ಥರ ಮೊದಲ ಡಾಕ್ಟರ್ ಡಿಗ್ರಿ) ಸೇರುವವರ ಸರಾಸರಿ ಜಿಪಿಎ 3.8ರ ಹತ್ತಿರ ಇದೆ, ಎಂಕ್ಯಾಟ್ 512ರ ಹತ್ತಿರ. ವರ್ಷಕ್ಕೆ ಸುಮಾರು 52ರಿಂದ 55 ಸಾವಿರ ಜನ ಅರ್ಜಿ ಹಾಕುತ್ತಾರೆ, ಸೇರುವವರು 23 ಸಾವಿರ. ಇದನ್ನು ನೋಡಿ ಕೈಚೆಲ್ಲಬೇಡಿ. ಸರಾಸರಿ ಅಂದ ಮೇಲೆ ಅದಕ್ಕಿಂತ ಕೆಳಗಿದ್ದವರೂ ಸೇರಿದ್ದಾರೆ. ಅವರು ಎಲ್ಲಿ ಸೇರಿದರು, ಯಾಕೆ ಸೇರಿಸಿಕೊಂಡರು ಅನ್ನುವುದನ್ನು ಹುಡುಕಬೇಕು.

ಮೊದಲು ಜಿಪಿಎಯನ್ನೇ ಬಿಡಿಸಿ ನೋಡಿ. ನಮ್ಮ ಹುಡುಗನ ಲೆಕ್ಕ ಹೇಳುತ್ತೇನೆ. ಮೊದಲ ಎರಡು ವರ್ಷ 60 ಕ್ರೆಡಿಟ್, ಜಿಪಿಎ 2.5. ಮನೆ ಬಿಟ್ಟು ಹೋದ ಹೊಸತು, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮುಗ್ಗರಿಸಿದ್ದ, ಯಾರಿಗೂ ಹೇಳಿರಲಿಲ್ಲ. ಆಮೇಲಿನ ಎರಡು ವರ್ಷ 60 ಕ್ರೆಡಿಟ್, 3.5. ಒಟ್ಟು 3.0. ಡಿಗ್ರಿ ಮುಗಿದ ಮೇಲೆ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಇಮ್ಯುನಾಲಜಿ ಅಂತ ಇನ್ನೂ 30 ಕ್ರೆಡಿಟ್ ಓದಿದ, 3.9 ತೆಗೆದ. ಒಂದು ವರ್ಷ ಅಷ್ಟು ಕಷ್ಟಪಟ್ಟ ಮೇಲೂ ಒಟ್ಟು ಜಿಪಿಎ ಏರಿದ್ದು 3.18ಕ್ಕೆ ಮಾತ್ರ. ಆ ದಿನ ಅವನ ಮುಖ ನೋಡಿ ನನಗೂ ಸಂಕಟವಾಯಿತು. ಆಮೇಲೆ ಇಬ್ಬರೂ ಕೂತು ಕೊನೆಯ 90 ಕ್ರೆಡಿಟ್ ಮಾತ್ರ ಬೇರೆ ಕೂಡಿ ನೋಡಿದೆವು: 3.63. ಅದೇ ಹುಡುಗ, ಅದೇ ಟ್ರಾನ್ಸ್‌ಕ್ರಿಪ್ಟ್. ಅರ್ಜಿಯಲ್ಲಿ ವರ್ಷವಾರು ಜಿಪಿಎ ಬೇರೆ ಬೇರೆ ಸಾಲಿನಲ್ಲಿ ಕಾಣುತ್ತೆ, ಪೋಸ್ಟ್‌ಬ್ಯಾಕ್‌ಗೂ (ಡಿಗ್ರಿ ಮುಗಿದ ಮೇಲೆ ಓದಿದ ಕೋರ್ಸ್‌ಗಳಿಗೂ) ತನ್ನದೇ ಸಾಲು ಇದೆ. ಹಾಗಾಗಿ ಸ್ಕೂಲ್ ಆರಿಸುವಾಗ ಇರುವ ಪ್ರಶ್ನೆ ಒಂದೇ: 3.18 ನೋಡಿ ಮುಂದಿನ ಅರ್ಜಿಗೆ ಹೋಗುವವರು ಯಾರು, ಕೆಳಗಿನ ಸಾಲುಗಳವರೆಗೂ ಓದುವವರು ಯಾರು?

ಮೇಲಕ್ಕೆ ಏರಿದ ಗ್ರಾಫ್ ಇನ್ನೂ ಇಲ್ಲವೇ? ಹಾಗಾದರೆ ಈ ವರ್ಷ ಎಲ್ಲಿಗೂ ಅರ್ಜಿ ಹಾಕಬೇಡಿ. ಇದು ಕಠಿಣ ಮಾತು, ಆದರೆ ಮನಸ್ಸಾರೆ ಹೇಳುತ್ತಿದ್ದೇನೆ.

ಲೆಕ್ಕ ಹಾಕುವ ರೀತಿಯೂ ಎಲ್ಲ ಕಡೆ ಒಂದೇ ಅಲ್ಲ. ಎಂಡಿ ಸ್ಕೂಲ್‌ಗಳ ಅರ್ಜಿ ಆಮ್‌ಕ್ಯಾಸ್ ಅನ್ನುವ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಹೋಗುತ್ತೆ. ಒಂದು ಕೋರ್ಸನ್ನು ಎರಡು ಸಲ ತಗೊಂಡಿದ್ದರೆ ಅವರು ಎರಡೂ ಗ್ರೇಡ್ ಲೆಕ್ಕಕ್ಕೆ ಹಿಡಿಯುತ್ತಾರೆ, ನಿಮ್ಮ ಕಾಲೇಜು ಹಳೆಯದನ್ನು ತೆಗೆದುಹಾಕಿದ್ದರೂ ಅಷ್ಟೇ. ಹೈಸ್ಕೂಲ್‌ನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತಗೊಂಡ ಕೋರ್ಸ್ ಕೂಡ ಒಳಗೆ ಬರುತ್ತೆ. ಡಿಒ (ಆಸ್ಟಿಯೋಪತಿಕ್ ಮೆಡಿಸಿನ್, ಅಮೆರಿಕದ ಇನ್ನೊಂದು ಡಾಕ್ಟರ್ ಡಿಗ್ರಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ) ಸ್ಕೂಲ್‌ಗಳ ಅರ್ಜಿ ಆಕೋಮಾಸ್ ಅನ್ನುವ ಅಂಥದ್ದೇ ವ್ಯವಸ್ಥೆಯಲ್ಲಿ. ಅಲ್ಲಿ ಮೊದಲು ಮರು ಓದಿದ ಗ್ರೇಡ್ ಹಳೆಯದರ ಜಾಗಕ್ಕೆ ಬರುತ್ತಿತ್ತು, 2017ರಲ್ಲಿ ಅದನ್ನು ನಿಲ್ಲಿಸಿದರು. ಈಗಲೂ ಕೆಲವು ಹಿರಿಯರು "ಸಿ ಬಂದ ಕೋರ್ಸ್ ಮತ್ತೆ ತಗೋ, ಡಿಒಗೆ ಅಳಿಸಿಹೋಗುತ್ತೆ" ಅಂತ ಹೇಳುತ್ತಾರೆ. ಅದು ಹಳೆಯ ಸುದ್ದಿ. ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳಿಗೆ ಬೇರೆಯೇ ವ್ಯವಸ್ಥೆ. ಅಲ್ಲಿನ ನಿವಾಸಿಗಳಿಗೆ ಹತ್ತು ವರ್ಷ ಅಥವಾ ಅದಕ್ಕೂ ಹಳೆಯ ಕೋರ್ಸ್‌ಗಳನ್ನೆಲ್ಲ ಪಕ್ಕಕ್ಕಿಡುವ 'ಫ್ರೆಶ್ ಸ್ಟಾರ್ಟ್' ಅನ್ನುವ ಕಾನೂನು ಇದೆ. ಆ ಕಾಲದ ಒಳ್ಳೆಯ ಗ್ರೇಡೂ ಹೋಗುತ್ತೆ ಅನ್ನುವುದು ನೆನಪಿರಲಿ. ಮೂವತ್ತು ದಾಟಿದ ಮೇಲೆ ಮತ್ತೆ ಮೆಡಿಸಿನ್ ಕಡೆ ತಿರುಗಿದವರಿಗೆ ಇದು ದೊಡ್ಡ ವರ.

ಇನ್ನು ಸ್ಕೂಲ್ ಹುಡುಕುವುದು. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯವರ ಎಂಎಸ್‌ಎಆರ್ ಅನ್ನುವ ಡೇಟಾಬೇಸ್ ಇದೆ, ವರ್ಷಕ್ಕೆ ಸಣ್ಣ ಮೊತ್ತ ಕಟ್ಟಬೇಕು, ಕಟ್ಟಿ. ಅದರಲ್ಲಿ ಪ್ರತಿ ಸ್ಕೂಲಿನ ಜಿಪಿಎಗೆ ಒಂದು ಅಡ್ಡಪಟ್ಟಿ ಕಾಣುತ್ತೆ. ಮಧ್ಯದಲ್ಲಿ ಮೀಡಿಯನ್ (ಸೇರಿದವರಲ್ಲಿ ಸರಿಯಾಗಿ ನಡುವೆ ಇರುವವರ ಅಂಕ), ಎಡತುದಿಯಲ್ಲಿ ಹತ್ತನೇ ಪರ್ಸೆಂಟೈಲ್. ಎಲ್ಲರೂ ಮೀಡಿಯನ್ ನೋಡುತ್ತಾರೆ. ನೀವು ಎಡತುದಿ ನೋಡಿ. ಅಲ್ಲಿ 3.3 ಅಂತ ಇದ್ದರೆ, ಆ ತರಗತಿಯ ಹತ್ತರಲ್ಲಿ ಒಬ್ಬರು 3.3 ಅಥವಾ ಅದಕ್ಕಿಂತ ಕಡಿಮೆ ತಗೊಂಡು ಒಳಗೆ ಬಂದಿದ್ದಾರೆ. 3.7 ಅಂತಿದ್ದರೆ ಆ ಸ್ಕೂಲ್ ಮರೆತುಬಿಡಿ, ಎಷ್ಟೇ ಹೆಸರಿರಲಿ.

ಇಲ್ಲೇ ಒಂದು ದೊಡ್ಡ ಗುಂಡಿ ಇದೆ. ಕಡಿಮೆ ಜಿಪಿಎ ಇರುವ ಸ್ಕೂಲ್‌ಗಳನ್ನು ಮೇಲೆ ಬರುವ ಹಾಗೆ ಜೋಡಿಸಿ ಮೊದಲ ಹದಿನೈದನ್ನು ಬರೆದುಕೊಂಡರೆ ಕೆಲಸ ಕೆಟ್ಟಿತು. ಪೋರ್ಟೊ ರಿಕೊದ ಸ್ಕೂಲ್‌ಗಳು ಅಲ್ಲಿ ಬರುತ್ತವೆ, ಸ್ಪ್ಯಾನಿಷ್ ಇಲ್ಲದೆ ಅಲ್ಲಿ ಓದಲು ಆಗಲ್ಲ. ಜಾರ್ಜಿಯಾದ ಮರ್ಸರ್ ಬರುತ್ತೆ, ಅವರು ಜಾರ್ಜಿಯಾದವರನ್ನು ಮಾತ್ರ ತಗೊಳ್ಳುತ್ತಾರೆ. ಮಿಸಿಸಿಪ್ಪಿ ಯೂನಿವರ್ಸಿಟಿಯೂ ತನ್ನ ರಾಜ್ಯದವರಿಗೇ. ಉತ್ತರ ಕ್ಯಾರೊಲಿನಾದ ಬ್ರೋಡಿ ಕೂಡ ಹಾಗೇ. ಹೊವರ್ಡ್, ಮೆಹ್ಯಾರಿ, ಮೋರ್‌ಹೌಸ್ ಕಪ್ಪು ಜನರ ಆರೋಗ್ಯಕ್ಕಾಗಿ ಕಟ್ಟಿದ ಸಂಸ್ಥೆಗಳು. ಆ ಸಮುದಾಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರೆ ಗೌರವದಿಂದ ಅರ್ಜಿ ಹಾಕಿ. ಬರೀ ನಂಬರ್ ಕಡಿಮೆ ಇದೆ ಅಂತ ಹಾಕಿದರೆ ಅದು ಅವರಿಗೂ ತಿಳಿಯುತ್ತೆ. ಈ ರೀತಿ ತೆಗೆಯುತ್ತಾ ಹೋದರೆ ಆ ಹದಿನೈದರಲ್ಲಿ ನಿಮಗೆ ಉಳಿಯುವುದು ಮೂರೋ ನಾಲ್ಕೋ.

ಹಾಗಾಗಿ ಎಂಎಸ್‌ಎಆರ್‌ನಲ್ಲಿ ಜಿಪಿಎ ನೋಡಿದ ಕೂಡಲೇ ಇನ್ನೊಂದು ಜಾಗಕ್ಕೆ ಹೋಗಿ: ಹೊರ ರಾಜ್ಯದಿಂದ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಇಂಟರ್‌ವ್ಯೂ ಸಿಕ್ಕಿತು, ಎಷ್ಟು ಜನ ಸೇರಿದರು. ನಾವು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಕ್ಸೆಲ್‌ನಲ್ಲಿ ಈ ಮೂರು ಅಂಕಣ ಮಾಡಿದ್ದೆವು. ಮೊದಲ ಸಲದ ಪಟ್ಟಿಯ 28 ಸ್ಕೂಲ್‌ಗಳನ್ನು ಅದರಲ್ಲಿ ತುಂಬಿ ನೋಡಿದರೆ, 17 ಸ್ಕೂಲ್‌ಗಳಲ್ಲಿ ಅವನಿಗೆ ಶುರುವಿನಿಂದಲೂ ಅವಕಾಶವೇ ಇರಲಿಲ್ಲ. ಆ ಪಟ್ಟಿ ಮಾಡಿದ್ದು ಹೇಗೆ ಗೊತ್ತಾ? ರ‍್ಯಾಂಕಿಂಗ್ ನೋಡಿ, ಆಮೇಲೆ ನೆಂಟರು ಇರುವ ಊರು ನೋಡಿ. ಆ ವರ್ಷ ಒಂದೇ ಒಂದು ಇಂಟರ್‌ವ್ಯೂ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ಸ್ವಂತ ರಾಜ್ಯ. ಇದನ್ನು ನಮ್ಮವರು ಕಡೆಗಣಿಸುವುದು ನೋಡಿದರೆ ಬೇಜಾರಾಗುತ್ತೆ. ನಾವಿರುವುದು ಓಹಾಯೋದಲ್ಲಿ. ಇಲ್ಲಿ ಆರು ಎಂಡಿ ಸ್ಕೂಲ್ ಇವೆ, ಜೊತೆಗೆ ಓಹಾಯೋ ಯೂನಿವರ್ಸಿಟಿಯ ಸರ್ಕಾರಿ ಡಿಒ ಸ್ಕೂಲ್. ಓಹಾಯೋ ಸ್ಟೇಟ್ ಮತ್ತು ಕೇಸ್ ವೆಸ್ಟರ್ನ್ ನಂಬರ್ ವಿಷಯದಲ್ಲಿ ಎತ್ತರದಲ್ಲಿವೆ. ಆದರೆ ಡೇಟನ್‌ನ ರೈಟ್ ಸ್ಟೇಟ್, ಟೊಲಿಡೊ, ರೂಟ್ಸ್‌ಟೌನ್‌ನ ನಿಯೊಮೆಡ್ ಇವೆಲ್ಲ ತಮ್ಮ ಸುತ್ತಲಿನ ಊರುಗಳಿಗೆ ಡಾಕ್ಟರ್ ಬೇಕು ಅಂತ ನಡೆಯುವ ಸ್ಕೂಲ್‌ಗಳು. ಇಲ್ಲೇ ಬೆಳೆದು, ಇಲ್ಲಿನ ಉಚಿತ ಕ್ಲಿನಿಕ್‌ನಲ್ಲಿ ಕೆಲಸ ಮಾಡಿ, ಇಲ್ಲೇ ಉಳಿಯುತ್ತೇನೆ ಅನ್ನುವ ಹುಡುಗನ ಮಾತಿಗೆ ಅಲ್ಲಿ ತೂಕ ಇದೆ. ಟೆಕ್ಸಸ್‌ನವರಿಗೆ ಇನ್ನೂ ಅದೃಷ್ಟ, ಅಲ್ಲಿನ ಸರ್ಕಾರಿ ಸ್ಕೂಲ್‌ಗಳಲ್ಲಿ ಶೇಕಡಾ 90 ಸೀಟು ರಾಜ್ಯದವರಿಗೇ ಅಂತ ಕಾನೂನೇ ಇದೆ. ಕ್ಯಾಲಿಫೋರ್ನಿಯಾದವರ ಪಾಡು ಬೇರೆ. ಅಲ್ಲಿ ಅರ್ಜಿದಾರರು ವಿಪರೀತ, ಸೀಟು ಕಡಿಮೆ, ಸ್ವಂತ ರಾಜ್ಯ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಬೇ ಏರಿಯಾದಲ್ಲಿರುವ ಗೆಳೆಯರು ಶುರುವಿನಿಂದಲೇ ಹೊರ ರಾಜ್ಯದ ಸ್ಕೂಲ್ ಮತ್ತು ಡಿಒ ಲೆಕ್ಕ ಹಾಕಬೇಕು.

ಹೊರ ರಾಜ್ಯದವರನ್ನು ಧಾರಾಳವಾಗಿ ತಗೊಳ್ಳುವ ಖಾಸಗಿ ಎಂಡಿ ಸ್ಕೂಲ್‌ಗಳು ಇವೆ: ಡ್ರೆಕ್ಸೆಲ್, ರೊಸಲಿಂಡ್ ಫ್ರಾಂಕ್ಲಿನ್, ನ್ಯೂಯಾರ್ಕ್ ಮೆಡಿಕಲ್ ಕಾಲೇಜ್, ಆಲ್ಬನಿ, ಜಾರ್ಜ್ ವಾಷಿಂಗ್ಟನ್, ಹೀಗೆ. ಎಲ್ಲರಿಗೂ ಇದು ಗೊತ್ತಿರುವುದರಿಂದಲೇ ಕೆಲವಕ್ಕೆ ವರ್ಷಕ್ಕೆ 10 ಸಾವಿರಕ್ಕೂ ಜಾಸ್ತಿ ಅರ್ಜಿ ಬರುತ್ತೆ. ಅಷ್ಟು ರಾಶಿಯಲ್ಲಿ ಮೊದಲ ಜರಡಿ ನಂಬರಿನದೇ. ಇವುಗಳಲ್ಲಿ ನಾಲ್ಕೈದು ಹಾಕಿ, ಹದಿನೈದು ಬೇಡ. ಶಿಕಾಗೋದ ರಷ್ ತರಹದವರು ಸಮಾಜಸೇವೆಯ ಗಂಟೆಗಳನ್ನು ತುಂಬಾ ಗಂಭೀರವಾಗಿ ನೋಡುತ್ತಾರೆ. ನಿಮ್ಮ ಮಗು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲೋ ನಿರಾಶ್ರಿತರ ಶಿಬಿರದಲ್ಲೋ ಸಾವಿರ ಗಂಟೆ ಕಳೆದಿದ್ದರೆ ಅಂಥ ಕಡೆ ಹಾಕುವುದಕ್ಕೆ ಅರ್ಥ ಇದೆ.

ಈಗ ಡಿಒ. ನಮ್ಮ ಮನೆಗಳಲ್ಲಿ ಜಗಳ ಆಗುವುದು ಇಲ್ಲೇ. ಊರಿನಿಂದ ಫೋನ್ ಮಾಡಿದ ನಮ್ಮ ದೊಡ್ಡಮ್ಮ ಕೇಳಿದ್ದು, "ಅದು ಎಂಬಿಬಿಎಸ್ ಥರಾನೇನಾ, ಇಲ್ಲಾ ಬೇರೆ ಪದ್ಧತಿನಾ?" ಡಿಒ ಪೂರ್ತಿ ಡಾಕ್ಟರ್. 50 ರಾಜ್ಯಗಳಲ್ಲೂ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, ಎಂಡಿಗಳ ಜೊತೆ ಅದೇ ಆಸ್ಪತ್ರೆಯಲ್ಲಿ ಅದೇ ಕೆಲಸ. ಮೊದಲ ಡಿಒ ಸ್ಕೂಲ್ 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಶುರುವಾಯಿತು. ಕೈಯಿಂದ ಮೂಳೆ, ಸ್ನಾಯು ನೋಡಿ ಚಿಕಿತ್ಸೆ ಕೊಡುವ ಪಾಠ ಜಾಸ್ತಿ ಇರುತ್ತೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. 2020ರಲ್ಲಿ ಎಂಡಿ, ಡಿಒ ಎರಡರ ರೆಸಿಡೆನ್ಸಿಯೂ (ಡಿಗ್ರಿ ನಂತರದ ಆಸ್ಪತ್ರೆ ತರಬೇತಿ) ಒಂದೇ ಮಾನ್ಯತೆಯ ಕೆಳಗೆ ಬಂತು. ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್‌ನಲ್ಲಿ 2024ರಲ್ಲಿ ಎಂಡಿ ಸೀನಿಯರ್‌ಗಳಲ್ಲಿ ಶೇಕಡಾ 93.5 ಜನಕ್ಕೆ ಸೀಟು ಸಿಕ್ಕಿತು, ಡಿಒಗಳಲ್ಲಿ 92.3. ವ್ಯತ್ಯಾಸ ಎಷ್ಟು ಚಿಕ್ಕದು ನೋಡಿ. ಚರ್ಮರೋಗ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಇಂಥವು ಡಿಒಗೆ ಕಷ್ಟ ಅನ್ನುವುದು ನಿಜ, ಅದನ್ನು ಮುಚ್ಚಿಡಲ್ಲ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ, ಸೈಕಿಯಾಟ್ರಿ ಬೇಕು ಅನ್ನುವವರಿಗೆ ಡಿಒ ನೇರ ದಾರಿ.

ಸೇರುವವರ ಸರಾಸರಿ ಜಿಪಿಎ ಡಿಒನಲ್ಲಿ 3.6ರ ಹತ್ತಿರ, ಎಂಕ್ಯಾಟ್ 504ರ ಆಸುಪಾಸು. 3.1 ಜಿಪಿಎಗೆ 508 ಎಂಕ್ಯಾಟ್ ಸೇರಿದರೆ ಎಂಡಿ ಕಡೆ ಏದುಸಿರು ಬಿಡಬೇಕು, ಡಿಒ ಕಡೆ ಅದೇ ಅಂಕಕ್ಕೆ ಕರೆದು ಮಾತಾಡಿಸುತ್ತಾರೆ. ಹೊಸ ಸ್ಕೂಲ್ ಹಳೆಯ ಸ್ಕೂಲ್ ಅನ್ನುವ ವ್ಯತ್ಯಾಸ ಮಾತ್ರ ಇಲ್ಲಿ ಮುಖ್ಯ. ಫಿಲಡೆಲ್ಫಿಯಾದ ಪಿಕಾಮ್, ಡೆಮೊಯಿನ್, ಕಾನ್ಸಾಸ್ ಸಿಟಿ, ಮಿಶಿಗನ್ ಸ್ಟೇಟ್ ಇವೆಲ್ಲ ದಶಕಗಳಿಂದ ಬೇರು ಬಿಟ್ಟ ಸ್ಕೂಲ್‌ಗಳು, ಕ್ಲಿನಿಕಲ್ ರೊಟೇಷನ್‌ಗೆ (ಒಂದೊಂದೇ ವಿಭಾಗದಲ್ಲಿ ರೋಗಿಗಳನ್ನು ನೋಡಿ ಕಲಿಯುವ ಸರದಿಗೆ) ಆಸ್ಪತ್ರೆಗಳು ಇವೆ. ಮೊನ್ನೆ ಮೊನ್ನೆ ಬಾಗಿಲು ತೆರೆದ ಕಡೆ ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮೂರನೇ ವರ್ಷ ನನ್ನನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ? ಇನ್ನೊಂದು ವಿಷಯ, ತುಂಬಾ ಡಿಒ ಸ್ಕೂಲ್‌ಗಳು ಡಿಒ ಡಾಕ್ಟರ್ ಒಬ್ಬರ ಶಿಫಾರಸು ಪತ್ರ ಇಷ್ಟಪಡುತ್ತವೆ. ಅದಕ್ಕೆ ಅಂಥ ಒಬ್ಬರ ಜೊತೆಗಿದ್ದು ಅವರ ಕೆಲಸ ನೋಡುತ್ತಾ ಕೆಲವು ವಾರವಾದರೂ ಕಳೆಯಬೇಕು. ಜೂನ್‌ನಲ್ಲಿ ನೆನಪಾದರೆ ತಡ ಆಯಿತು.

ಅರ್ಜಿಗೂ ಮುಂಚೆ ಗ್ರೇಡ್ ಸರಿಮಾಡಿಕೊಳ್ಳಲು ಎರಡು ದಾರಿ. ಒಂದು ಪೋಸ್ಟ್‌ಬ್ಯಾಕ್, ಅಂದರೆ ಮತ್ತೆ ಅಂಡರ್‌ಗ್ರ್ಯಾಡ್ ಕೋರ್ಸ್ ತಗೊಳ್ಳುವುದು. ಇನ್ನೊಂದು ಎಸ್‌ಎಂಪಿ, ಮೆಡಿಕಲ್ ಸ್ಕೂಲಿನ ಮೊದಲ ವರ್ಷದ ಪಾಠವನ್ನೇ ಹೋಲುವ ಒಂದು ವರ್ಷದ ಮಾಸ್ಟರ್ಸ್. ಜಾರ್ಜ್‌ಟೌನ್, ಬಾಸ್ಟನ್ ಯೂನಿವರ್ಸಿಟಿ, ಸಿನ್ಸಿನಾಟಿ, ರೊಸಲಿಂಡ್ ಫ್ರಾಂಕ್ಲಿನ್‌ನಲ್ಲೆಲ್ಲ ಇಂಥ ಮಾಸ್ಟರ್ಸ್ ಇವೆ. ಎರಡರಲ್ಲಿ ಯಾವುದು? 3.0ಗಿಂತ ಕೆಳಗಿದ್ದರೆ ಮೊದಲು ಪೋಸ್ಟ್‌ಬ್ಯಾಕ್. ಯಾಕೆಂದರೆ ಎಷ್ಟೋ ಸ್ಕೂಲ್‌ಗಳ ಜರಡಿ 3.0ಗೆ ನಿಂತಿರುತ್ತೆ, ಎಸ್‌ಎಂಪಿ ಗ್ರೇಡ್ ಅಂಡರ್‌ಗ್ರ್ಯಾಡ್ ಜಿಪಿಎಗೆ ಸೇರುವುದೇ ಇಲ್ಲ, ಅದು ಬೇರೆ ಸಾಲು. 3.2 ಮೇಲಿದ್ದು, ಎಂಕ್ಯಾಟ್ ಒಳ್ಳೆಯದಿದ್ದು, "ಈ ಹುಡುಗಿ ಮೆಡಿಕಲ್ ಪಾಠ ತಡೆದುಕೊಳ್ಳುತ್ತಾಳಾ" ಅನ್ನುವ ಅನುಮಾನ ಒಂದೇ ಉಳಿದಿದ್ದರೆ ಎಸ್‌ಎಂಪಿ. ಅದು ಕೂಡ ಸ್ವಂತ ಮೆಡಿಕಲ್ ಸ್ಕೂಲ್ ಇರುವ ಕಡೆ, ಇಷ್ಟು ಅಂಕ ತೆಗೆದರೆ ಇಂಟರ್‌ವ್ಯೂ ಕೊಡುತ್ತೇವೆ ಅಂತ ಬರೆದು ಕೊಡುವ ಕಡೆ ಇದ್ದರೆ ಉತ್ತಮ. ಎಸ್‌ಎಂಪಿ ದುಬಾರಿ. ಅಲ್ಲಿ ಬಿ, ಬಿ ಪ್ಲಸ್ ಬಂದರೆ ಇದ್ದ ಬಾಗಿಲೂ ಮುಚ್ಚುತ್ತೆ. ಓದುವ ಅಭ್ಯಾಸ ಬದಲಾಗಿದೆ ಅಂತ ನಿಮಗೇ ನಂಬಿಕೆ ಬರುವ ತನಕ ಅಲ್ಲಿಗೆ ಕಾಲಿಡಬೇಡಿ.

ಸಾಲದ ಮಾತೂ ಇದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಖಾಸಗಿ ಸ್ಕೂಲಿನ ಫೀಸಿಗೇ ಅದು ಸಾಲದೆ ಹೋಗಬಹುದು. ಇದರಿಂದಾಗಿ ಸ್ವಂತ ರಾಜ್ಯದ ಸರ್ಕಾರಿ ಸ್ಕೂಲ್ ಮೊದಲಿಗಿಂತ ಇನ್ನೂ ಮುಂದೆ ಬಂದಿದೆ ಅಂತ ನನ್ನ ಅಭಿಪ್ರಾಯ.

ಕೆರಿಬಿಯನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಗ್ರೆನೆಡಾದ ಸೇಂಟ್ ಜಾರ್ಜಸ್, ಬಾರ್ಬಡೋಸ್‌ನ ರಾಸ್, ಸಿಂಟ್ ಮಾರ್ಟನ್‌ನ ಎಯುಸಿ ಹಳೆಯವು. ಅಲ್ಲಿ ಓದಿ ಒಳ್ಳೆಯ ಡಾಕ್ಟರ್ ಆದವರು ಅಮೆರಿಕದ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಸೀಟು ಸುಲಭವಾಗಿ ಸಿಕ್ಕಿತು ಅಂತ ಹೋಗುವ ಜಾಗ ಅದಲ್ಲ. ವಿದೇಶದಲ್ಲಿ ಓದಿದ ಅಮೆರಿಕನ್ ನಾಗರಿಕರಿಗೆ 2024ರಲ್ಲಿ ರೆಸಿಡೆನ್ಸಿ ಸಿಕ್ಕಿದ್ದು ಶೇಕಡಾ 67 ಜನಕ್ಕೆ. ಅದು ಮ್ಯಾಚ್ ತನಕ ಬಂದವರ ಲೆಕ್ಕ. ಮೊದಲ ಎರಡು ವರ್ಷದಲ್ಲೇ ಬಿಟ್ಟುಹೋದವರು, ಸಾಲ ಮಾತ್ರ ಹೊತ್ತು ಮನೆಗೆ ಬಂದವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನನ್ನ ಪ್ರಕಾರ ಡಿಒಗೆ ಎರಡು ಸಲ ಸರಿಯಾಗಿ ಅರ್ಜಿ ಹಾಕಿ ಆಗದೇ ಇದ್ದಾಗ ಮಾತ್ರ ಈ ಕಡೆ ನೋಡಬೇಕು.

"ಊರಲ್ಲೇ ಎನ್‌ಆರ್‌ಐ ಸೀಟು ತಗೊಂಡ್ರೆ?" ಇದು ನಮ್ಮವರ ಖಾಯಂ ಪ್ರಶ್ನೆ. ಅಲ್ಲಿ ಅಮೆರಿಕದ ಜಿಪಿಎಯನ್ನು ಯಾರೂ ಕೇಳುವುದಿಲ್ಲ, ನೀಟ್ ಬರೆಯಲೇಬೇಕು. 2021ರ ಅಧಿಸೂಚನೆಯ ನಂತರ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ನಾಗರಿಕರಿಗೆ ಕೊಡುವುದು) ಪಡೆದವರನ್ನು ಎನ್‌ಆರ್‌ಐ ಸೀಟಿಗೇ ಪರಿಗಣಿಸುತ್ತಾರೆ. ಎಂಬಿಬಿಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. 22 ವರ್ಷದ ಹುಡುಗ 18 ವರ್ಷದವರ ಜೊತೆ ಮೊದಲಿಂದ ಶುರು ಮಾಡಬೇಕು, ಮುಗಿಸಿ ವಾಪಸ್ ಬಂದರೆ ಮೇಲೆ ಹೇಳಿದ ಅದೇ 67ರ ಸಾಲಿನಲ್ಲಿ ನಿಲ್ಲಬೇಕು. ಇನ್ನೊಂದು ಮಾತು ಯಾರೂ ಯೋಚಿಸುವುದಿಲ್ಲ. ವಾರ್ಡಿನಲ್ಲಿ ಮಲಗಿರುವ ಅಜ್ಜಿ "ಎದೆ ಹಿಂಡಿದ ಹಾಗೆ ಆಗ್ತದೆ, ರಾತ್ರಿ ದಮ್ಮು ಕಟ್ತದೆ" ಅಂದರೆ "ಊಟ ಆಯ್ತಾ" ಮಟ್ಟದ ಕನ್ನಡದ ಹುಡುಗನಿಗೆ ಏನು ಅರ್ಥವಾಗುತ್ತೆ? ಕನ್ನಡ ಚೆನ್ನಾಗಿದ್ದು, ಊರಿನಲ್ಲೇ ನೆಲೆಸುವ ಮನಸ್ಸೂ ಇದ್ದರೆ ಆ ದಾರಿ ಚೆನ್ನಾಗಿದೆ. ಜಿಪಿಎಯಿಂದ ತಪ್ಪಿಸಿಕೊಳ್ಳಲು ಮಾತ್ರ ಅಂದರೆ ಬೇಡ.

ಗ್ರೀನ್ ಕಾರ್ಡ್ ಬರದೆ ಮಕ್ಕಳು ಇನ್ನೂ ವೀಸಾದಲ್ಲಿರುವ ಮನೆಗಳಿಗೆ ಒಂದು ಮಾತು: ಹೆಚ್ಚಿನ ಸರ್ಕಾರಿ ಸ್ಕೂಲ್‌ಗಳು ನಾಗರಿಕರನ್ನು ಮತ್ತು ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ನೋಡುತ್ತವೆ. ಸರ್ಕಾರದ ಸಾಲವೂ ಸಿಗಲ್ಲ. ಎಂಎಸ್‌ಎಆರ್‌ನಲ್ಲಿ ಮೊದಲು ಆ ಒಂದು ಅಂಶ ನೋಡಿ, ಜಿಪಿಎ ಆಮೇಲೆ.

ಕೊನೆಗೆ ನಮ್ಮ ಹುಡುಗನ ಎರಡನೇ ಪಟ್ಟಿ ಹೇಗಿತ್ತು ಅಂದರೆ, ಎಂಡಿ ಒಂಬತ್ತು, ಡಿಒ ಹನ್ನೆರಡು. ಎಂಡಿಯಲ್ಲಿ ಐದು ಓಹಾಯೋದವೇ, ಉಳಿದ ನಾಲ್ಕು ಹತ್ತನೇ ಪರ್ಸೆಂಟೈಲ್ ಅವನ ಹತ್ತಿರ ಇದ್ದವು. ಎಂಕ್ಯಾಟ್ 503 ಇದ್ದದ್ದು 511 ಆಗಿತ್ತು. ಒಟ್ಟು ನಾಲ್ಕು ಇಂಟರ್‌ವ್ಯೂ ಬಂತು, ಮೂರು ಡಿಒ, ಒಂದು ಎಂಡಿ. ಆ ಎಂಡಿಯಲ್ಲಿ ವೇಟ್‌ಲಿಸ್ಟ್ ಆಯಿತು, ಒಂದು ಡಿಒ ಸ್ಕೂಲ್ ಡಿಸೆಂಬರ್‌ನಲ್ಲಿ ಸೀಟು ಕೊಟ್ಟಿತು. ಅಲ್ಲಿನ ಇಂಟರ್‌ವ್ಯೂನಲ್ಲಿ ಅವನ ಮೊದಲೆರಡು ವರ್ಷದ ಬಗ್ಗೆ ಕೇಳಿದರಂತೆ. ಅವನು ನೆಪ ಹೇಳಲಿಲ್ಲ. ಏನಾಯಿತು, ಏನು ಬದಲಿಸಿಕೊಂಡೆ, ಆಮೇಲೆ ಗ್ರೇಡ್ ಏನಾಯಿತು, ಮೂರೇ ಮಾತಿನಲ್ಲಿ ಹೇಳಿ ಮುಗಿಸಿದ. ಈಗ ಮೂರನೇ ವರ್ಷದಲ್ಲಿದ್ದಾನೆ.

ಖರ್ಚು ಮೊದಲೇ ಎಣಿಸಿಟ್ಟುಕೊಳ್ಳಿ. ಆಮ್‌ಕ್ಯಾಸ್‌ಗೆ ಮೊದಲ ಸ್ಕೂಲಿಗೆ ಸುಮಾರು 175 ಡಾಲರ್, ಆಮೇಲಿನ ಒಂದೊಂದಕ್ಕೂ 45ರ ಸುತ್ತಮುತ್ತ, ಅದರ ಮೇಲೆ ಸೆಕೆಂಡರಿ (ಒಂದೊಂದು ಸ್ಕೂಲೂ ಕೇಳುವ ಎರಡನೇ ಅರ್ಜಿ) ಫೀಸು ಸಾಮಾನ್ಯವಾಗಿ 75ರಿಂದ 150. ಡಿಒಗೆ ಬೇರೆ ಫೀಸು. ಆದಾಯ ಕಡಿಮೆ ಇದ್ದರೆ ಎಎಎಂಸಿಯ ಫೀಸ್ ನೆರವಿಗೆ ಮುಂಚೆಯೇ ಅರ್ಜಿ ಹಾಕಿ, ಸಿಕ್ಕ ಮೇಲೆ ಅರ್ಜಿ ಸಲ್ಲಿಸಿ, ಮೊದಲೇ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಮೇ ಮೊದಲ ವಾರ ಅರ್ಜಿ ತೆರೆಯುತ್ತೆ. ವಸಂತದ ಸೆಮಿಸ್ಟರಿನ ಗ್ರೇಡ್ ಬಂದ ದಿನವೇ ಟ್ರಾನ್ಸ್‌ಕ್ರಿಪ್ಟ್ ಕಳಿಸಿ, ಜೂನ್ ಮೊದಲ ವಾರದೊಳಗೆ ಸಲ್ಲಿಸಿಬಿಡಿ. 3.9 ಇದ್ದವರು ಆಗಸ್ಟ್ ತನಕ ಕಾಯಬಹುದೇನೋ, ನಮ್ಮ ಮಕ್ಕಳು ಕಾಯುವ ಹಾಗಿಲ್ಲ.